ಅತಿಥಿಗಳನ್ನು ನಂಬಿದ ನಡುಗಡ್ಡೆ

ನಾಲ್ಕು ಕಡೆಯೂ ನೀರು ಸುತ್ತುವರಿದಿರುವ ಭೂಭಾಗವನ್ನು ದ್ವೀಪವೆಂದು ಕರೆಯುವುದು ವಾಡಿಕೆ. ದ್ವೀಪವೆಂದ ಕೂಡಲೆ ನಮ್ಮ ಮನಸ್ಸು ಸಮುದ್ರದ ಕಡೆಗೆ ಓಡುತ್ತದೆ. ಆದರೆ ನದಿಗಳೂ ದ್ವೀಪಗಳನ್ನು ನಿರ್ಮಿಸುತ್ತವೆ. ಕಾವೇರಿಯ ಕವಲುಗಳ ನಡುವೆ ಶ್ರೀರಂಗಪಟ್ಟಣವೂ ಶಿವನಸಮುದ್ರವೂ ಇರುವಂತೆ, ತುಂಗಭದ್ರೆಯ ಒಡಲಿನಲ್ಲಿಯೂ ಹಲವು ದ್ವೀಪಗಳಿವೆ. ಕನ್ನಡದಲ್ಲಿ ಇವುಗಳಿಗೆ ನಡುಗಡ್ಡೆ ಎಂಬ ಅಂದವಾದ ಹೆಸರುಂಟು. ಹಂಪಿ, ಆನೆಗೊಂದಿಗಳ ಸೀಮೆಯ ಜನರು ಅದನ್ನು ಇನ್ನೂ ಚಿಕ್ಕದಾಗಿಸಿ 'ಗಡ್ಡೆ' ಎನ್ನುತ್ತಾರೆ. ಅಂತಹವುಗಳಲ್ಲಿ ಒಂದು ವಿರುಪಾಪುರ ಗಡ್ಡೆ. ನಿಸರ್ಗವು ಅದಕ್ಕೆ ಸೌಂದರ್ಯವನ್ನು ಧಾರಾಳವಾಗಿ ಕೊಟ್ಟಿದೆ. ಆ ಸೌಂದರ್ಯವೇ ಅಲ್ಲಿಯ ಜನರಿಗೆ ಕೆಲವು ಕಾಲ ಅನ್ನವನ್ನು ಕೊಟ್ಟಿತು; ಕೊನೆಗೆ ಅದೇ ಅವರಿಗೆ ಆಪತ್ತನ್ನೂ ತಂದಿತು. ಪ್ರವಾಸಿಯ ಕಣ್ಣಿಗೆ ಸ್ವರ್ಗದಂತೆ ತೋರುವ ಒಂದು ಊರು ತನ್ನ ನಿವಾಸಿಗಳಿಗೆ ಹೇಗಿರುತ್ತದೆ ಎಂಬುದನ್ನು ತಿಳಿಯಲು ಈ ಗಡ್ಡೆಯ ಕಥೆಗಿಂತ ಉತ್ತಮವಾದ ಉದಾಹರಣೆ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ.

ನಾನು ವಾಸಿಸುವುದು ಬೆಂಗಳೂರಿನ ಪಶ್ಚಿಮ ಭಾಗದ ಬಾಪೂಜಿ ನಗರದಲ್ಲಿ. ಮೈಸೂರು ರಸ್ತೆಗೆ ಹೊಂದಿಕೊಂಡಿರುವ ಈ ಬಡಾವಣೆಯಲ್ಲಿ ಮನೆಗೆ ಮನೆ ತಾಗಿ ನಿಂತಿದೆ. ಸಮೀಪದಲ್ಲಿರುವ ಗಾಳಿ ಆಂಜನೇಯ ದೇವಾಲಯದ ಪಕ್ಕದಲ್ಲಿಯೇ ವೃಷಭಾವತಿ ಹರಿಯುತ್ತದೆ. ಅದು ಹೆಸರಿಗೆ ಮಾತ್ರ ನದಿ. ಇಂದು ಅದು ಹೊತ್ತೊಯ್ಯುವುದು ನಗರದ ಕೊಳಚೆಯನ್ನು. ಆ ದೇವಾಲಯದ ಆಂಜನೇಯನನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರೆಂದು ಪ್ರತೀತಿ ಇದೆ. ಆ ಯತಿಗಳ ವೃಂದಾವನವಿರುವುದು ಆನೆಗೊಂದಿಯ ಬಳಿಯ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ. ಹೀಗೆ ಕೊಳಚೆಯ ಕಾಲುವೆಯಾದ ನದಿಯ ದಡದಿಂದ ಇನ್ನೂ ಜೀವಂತವಾಗಿರುವ ನದಿಯ ದಡಕ್ಕೆ ಹೋಗಿಬರಬೇಕೆಂಬ ಆಸೆ ನನ್ನಲ್ಲಿ ಬಹುದಿನಗಳಿಂದ ಇತ್ತು. ಅದು ಎರಡು ಬಾರಿ ಈಡೇರಿತು. ಮೊದಲನೆಯ ಸಲ 2018ರ ಡಿಸೆಂಬರಿನಲ್ಲಿಯೂ ಎರಡನೆಯ ಸಲ 2022ರ ಡಿಸೆಂಬರಿನಲ್ಲಿಯೂ ನಾನು ಆ ಪ್ರದೇಶವನ್ನು ಕಂಡೆನು. ನಾಲ್ಕು ವರ್ಷಗಳ ಅಂತರದಲ್ಲಿ ಕಂಡ ಎರಡು ಚಿತ್ರಗಳು ಒಂದೇ ಊರಿನವು ಎಂದು ನಂಬುವುದೇ ಕಷ್ಟವಾಗಿತ್ತು.

ಮೈಸೂರಿನಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ ರೈಲು ಬೆಂಗಳೂರನ್ನು ಹಾದು, ರಾತ್ರಿಯೆಲ್ಲ ಓಡಿ, ಬೆಳಗ್ಗೆ ಹೊಸಪೇಟೆಯನ್ನು ಮುಟ್ಟುತ್ತದೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಊರು ಸಮೀಪಿಸುತ್ತಿದ್ದಂತೆ ಬಂಡೆಗಳ ಲೋಕವೊಂದು ತೆರೆದುಕೊಳ್ಳುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಆ ಬೃಹದಾಕಾರದ ಗುಂಡುಗಳನ್ನು ನೋಡಿದಾಗ ಯಾರೋ ದೈತ್ಯರು ಆಟವಾಡಿ ಬಿಟ್ಟುಹೋಗಿರಬೇಕೆಂದು ಅನಿಸುತ್ತದೆ. ವಾಸ್ತವವಾಗಿ ಇದು ಕಾಲಪುರುಷನ ಕೆಲಸ. ಭೂಮಿಯ ಆಳದಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಹೆಪ್ಪುಗಟ್ಟಿದ ಬೆಣಚುಕಲ್ಲು ಮೇಲಿನ ಪದರ ಸವೆದಂತೆ ಹೊರಬಂದಿತು. ಬಿಸಿಲು, ಮಳೆ, ಗಾಳಿಗಳ ಹೊಡೆತಕ್ಕೆ ಸಿಕ್ಕಿ ಬಿರುಕುಬಿಟ್ಟು, ಅಂಚುಗಳು ಸವೆದು ಉರುಟಾಯಿತು. ಈ ಬಂಡೆಗಳ ನಡುವೆ ದಾರಿ ಮಾಡಿಕೊಂಡು ತುಂಗಭದ್ರೆ ಹರಿಯುತ್ತಾಳೆ. ನದಿಯ ದಕ್ಷಿಣ ದಡದಲ್ಲಿ ವಿರೂಪಾಕ್ಷ ದೇವಾಲಯದ ಒಂಬತ್ತು ಅಂತಸ್ತಿನ ಗೋಪುರ. ನದಿಯನ್ನು ದಾಟಿದರೆ ವಿರುಪಾಪುರ ಗಡ್ಡೆ. ಹಂಪಿಯು ಇಂದು ವಿಜಯನಗರ ಜಿಲ್ಲೆಗೆ ಸೇರಿದ್ದರೆ, ಗಡ್ಡೆಯು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದೆ. ನದಿಯು ಎರಡಾಗಿ ಕವಲೊಡೆದು ಮತ್ತೆ ಕೂಡುವ ಎಡೆಯಲ್ಲಿ ಮೊಟ್ಟೆಯ ಆಕಾರದಲ್ಲಿ ಈ ನೆಲ ಹರಡಿಕೊಂಡಿದೆ.

ಈ ಹೊಳೆಯನ್ನು ದಾಟುವುದು ಇಂದು ನಿನ್ನೆಯ ರೂಢಿಯಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ನದಿಯನ್ನು ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹುಟ್ಟು ಹಾಕಿದಂತೆಲ್ಲ ಗಿರಗಿರನೆ ತಿರುಗುತ್ತ ಸಾಗುವ ಆ ದೋಣಿ ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತಿತ್ತಂತೆ. ಅದು ನಮ್ಮ ಹರಿಗೋಲೇ ಅಲ್ಲದೆ ಬೇರೆಯಲ್ಲ. ಐನೂರು ವರ್ಷಗಳ ಅನಂತರವೂ ಅದೇ ಆಕಾರದ ಹರಿಗೋಲುಗಳು ಅದೇ ನೀರಿನ ಮೇಲೆ ತಿರುಗುತ್ತಿರುವುದನ್ನು ಕಂಡಾಗ ರೋಮಾಂಚನವಾಗುತ್ತದೆ.

ನಾನು ಮೊದಲ ಸಲ ಹೋದಾಗ ವಿರೂಪಾಕ್ಷ ದೇವಾಲಯದ ಬಳಿಯ ಕಡವಿನಿಂದ ಯಂತ್ರದ ದೋಣಿಯೊಂದು ಜನರನ್ನು ಗಡ್ಡೆಗೆ ಸಾಗಿಸುತ್ತಿತ್ತು. ಕೆಲವೇ ನಿಮಿಷಗಳ ಪಯಣ. ಆಚೆಯ ದಡದಲ್ಲಿ ಮೆಟ್ಟಿಲೇರಿದೊಡನೆ ಹಸುರು ಬತ್ತದ ಗದ್ದೆಗಳು, ತೆಂಗಿನ ಸಾಲು, ಬಾಳೆಯ ತೋಟ, ಅವುಗಳ ಹಿಂದೆ ಕೆಂಬಣ್ಣದ ಬಂಡೆಗಳ ಗುಡ್ಡ. ಗಂಗಾವತಿಯ ಸೀಮೆಯನ್ನು ಬತ್ತದ ಕಣಜವೆನ್ನುವುದುಂಟು. ಇಲ್ಲಿಯ ನದಿತೀರದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹೊಲಗಳಿಗೆ ನೀರುಣಿಸುತ್ತಿವೆ. ಸಂಜೆಯಾದಂತೆ ಬಂಡೆಗಳು ಮೊದಲು ಹೊನ್ನಿನ ಬಣ್ಣವನ್ನೂ ಬಳಿಕ ತಾಮ್ರದ ಬಣ್ಣವನ್ನೂ ತಾಳುತ್ತವೆ. ಬತ್ತದ ಗದ್ದೆಯ ನಿಂತ ನೀರಿನಲ್ಲಿ ಆಕಾಶ ಪ್ರತಿಬಿಂಬಿಸುತ್ತದೆ. ಕೊಕ್ಕರೆಗಳು ಸಾಲುಗಟ್ಟಿ ಮರಳುತ್ತವೆ. ಅಂತಹ ಸಂಜೆಯನ್ನು ನೋಡಿದವರು ಜೀವಮಾನವಿಡೀ ಮರೆಯಲಾರರು.

ಆದರೆ ಕಣ್ಣನ್ನು ಗುಡ್ಡದಿಂದ ಇಳಿಸಿ ಬೀದಿಯ ಕಡೆಗೆ ತಿರುಗಿಸಿದಾಗ ಬೇರೆಯೇ ಒಂದು ನೋಟ ಎದುರಾಗುತ್ತಿತ್ತು. ದಾರಿಯ ಇಕ್ಕೆಲಗಳಲ್ಲಿ ಹುಲ್ಲು ಹೊದಿಸಿದ ಅತಿಥಿಗೃಹಗಳು, ತೂಗುಮಂಚಗಳು, ಬಾಡಿಗೆಯ ಮೊಪೆಡ್ಡುಗಳು, ಬಣ್ಣದ ಬಟ್ಟೆಗಳ ಅಂಗಡಿಗಳು. ಇಸ್ರೇಲಿನಿಂದ ಬರುವ ತರುಣರ ಸಂಖ್ಯೆ ಹೆಚ್ಚಾಗಿದ್ದುದರಿಂದ ಕೆಲವು ಫಲಕಗಳು ಹೀಬ್ರೂ ಲಿಪಿಯಲ್ಲಿದ್ದುವು. ತಿಂಡಿಯ ಪಟ್ಟಿಯಲ್ಲಿ ದೂರದೇಶದ ಭಕ್ಷ್ಯಗಳ ಹೆಸರುಗಳು ತುಂಬಿದ್ದುವು. ಆದರೆ ಸುತ್ತಲೂ ಜೋಳ, ಬತ್ತಗಳು ಬೆಳೆಯುವ ಆ ನಾಡಿನಲ್ಲಿ ರೊಟ್ಟಿಯೂಟ ಎಲ್ಲಿ ದೊರೆಯುತ್ತದೆ ಎಂದು ಕೇಳಿಕೊಂಡು ಅಲೆಯಬೇಕಾಗಿತ್ತು. ನದಿಯ ಆಚೆಯ ದಡದಲ್ಲಿ ಸಾಮ್ರಾಜ್ಯವೊಂದರ ರಾಜಧಾನಿಯಿದೆ ಎಂಬ ಅರಿವು ಅಲ್ಲಿ ತಂಗಿದವರೆಲ್ಲರಿಗೂ ಇದ್ದಂತೆ ತೋರಲಿಲ್ಲ. ಕೆಲವರು ಬಂಡೆ ಹತ್ತುವ ಸಾಹಸಕ್ಕಾಗಿ ಬಂದಿದ್ದರು, ಕೆಲವರು ಶಾಂತಿಯನ್ನು ಹುಡುಕಿ ಬಂದಿದ್ದರು. ಇನ್ನು ಕೆಲವರು ರಾತ್ರಿಯ ಗದ್ದಲದಲ್ಲಿ ಆ ಶಾಂತಿಯನ್ನೇ ಕೆಡಿಸುತ್ತಿದ್ದರು.

ಆದರೂ ಅಲ್ಲಿಯ ಜನರನ್ನು ಒಮ್ಮೆಗೇ ದೂರುವುದು ಸರಿಯಲ್ಲ. ದೋಣಿ ನಡೆಸುವವನು, ಬಟ್ಟೆ ಒಗೆಯುವವಳು, ಆಟೋ ಓಡಿಸುವವನು, ಹಾಲು ಮಾರುವವನು, ಪಾತ್ರೆ ತೊಳೆಯುವ ಹುಡುಗ ಇವರೆಲ್ಲರ ಮನೆಯ ಒಲೆ ಉರಿಯುತ್ತಿದ್ದುದು ಅತಿಥಿಗಳಿಂದಲೇ. ಒಂದು ಎಕರೆ ಬತ್ತದಿಂದ ಬರುವ ಆದಾಯಕ್ಕಿಂತ ಅದೇ ಹೊಲದ ಅಂಚಿನಲ್ಲಿ ಕಟ್ಟಿದ ನಾಲ್ಕು ಗುಡಿಸಲುಗಳ ಬಾಡಿಗೆ ಹೆಚ್ಚೆಂದು ಕಂಡಾಗ ಯಾವ ಸಾಮಾನ್ಯ ರೈತನಾದರೂ ಆ ಕಡೆಗೆ ಒಲಿಯುವುದು ಸಹಜವೇ. ಹೀಗೆ ಹೊಲವು ಅಂಗಳವಾಯಿತು, ಅಂಗಳವು ವಸತಿಗೃಹವಾಯಿತು. ಅತಿಥಿಗಳು ಬರುತ್ತಿದ್ದುದು ಮುಖ್ಯವಾಗಿ ಅಕ್ಟೋಬರಿನಿಂದ ಮಾರ್ಚಿಯವರೆಗೆ. ಬೇಸಗೆಯಲ್ಲಿ ಬಂಡೆಗಳು ಕಾದು ಕೆಂಡವಾಗುತ್ತವೆ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಬಾಗಿಲುಗಳನ್ನು ತೆರೆದರೆ ನದಿ ಉಕ್ಕಿ ದೋಣಿ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಹಾಗೆಯೇ ಪ್ರವಾಹ ಬಂದು ಗಡ್ಡೆಯಲ್ಲಿದ್ದ ನೂರಾರು ಪ್ರವಾಸಿಗಳು ಸಿಕ್ಕಿಕೊಂಡರು; ಅವರನ್ನು ರಕ್ಷಿಸಲು ವಿಪತ್ತು ಪರಿಹಾರ ಪಡೆಯವರೂ ಹೆಲಿಕಾಪ್ಟರುಗಳೂ ಬರಬೇಕಾಯಿತು. ಆರು ತಿಂಗಳು ಗಳಿಸಿ ಹನ್ನೆರಡು ತಿಂಗಳು ಉಣ್ಣುವ ಬಾಳು ಅದಾಗಿತ್ತು.

ಈ ಬಾಳಿನ ಬುಡದಲ್ಲಿ ಇನ್ನೂ ದೊಡ್ಡದೊಂದು ಬಿರುಕಿತ್ತು. ಹಂಪಿಯ ಸ್ಮಾರಕಗಳ ಸಮೂಹವನ್ನು ಯುನೆಸ್ಕೊ ಸಂಸ್ಥೆಯು 1986ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 1988ರಲ್ಲಿ ರಾಜ್ಯ ಸರ್ಕಾರವು ವಿರುಪಾಪುರ ಗಡ್ಡೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅಂದರೆ ಅಲ್ಲಿ ಅನುಮತಿಯಿಲ್ಲದೆ ಕಟ್ಟಡಗಳನ್ನು ಕಟ್ಟುವಂತಿರಲಿಲ್ಲ. ಇಂತಹ ತಾಣದಲ್ಲಿ ಸ್ಮಾರಕವೆಂದರೆ ಕೇವಲ ಗುಡಿಗೋಪುರಗಳಲ್ಲ. ಅವುಗಳ ಸುತ್ತಲಿನ ನದಿ, ಬಂಡೆ, ಹೊಲ, ಕಾಲುವೆಗಳೂ ಕೂಡಿಯೇ ಆ ದೃಶ್ಯವಾಗುತ್ತದೆ. ಹಂಪಿಯಿಂದ ಗಡ್ಡೆಗೆ ಕಾಲುಸೇತುವೆಯೊಂದನ್ನೂ ಆನೆಗೊಂದಿಗೆ ವಾಹನಗಳ ಸೇತುವೆಯೊಂದನ್ನೂ ಕಟ್ಟುವ ಕೆಲಸ ಆರಂಭವಾದಾಗ, ಅವು ಈ ದೃಶ್ಯವನ್ನು ಕೆಡಿಸುವುವೆಂದು ಆಕ್ಷೇಪ ಎದ್ದಿತು. 1999ರಲ್ಲಿ ಹಂಪಿಯು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ರಾಜ್ಯವು 2002ರಲ್ಲಿ ಕಾಯಿದೆಯೊಂದನ್ನು ಮಾಡಿ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. 2006ರಲ್ಲಿ ಹಂಪಿಯ ಹೆಸರನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. ಆನೆಗೊಂದಿಯ ಸೇತುವೆಯಾದರೋ ಪೂರ್ಣಗೊಳ್ಳುವ ಮೊದಲೇ 2009ರ ಜನವರಿಯಲ್ಲಿ ಕುಸಿದು, ಕೆಲಸಗಾರರ ಪ್ರಾಣಗಳನ್ನು ಬಲಿತೆಗೆದುಕೊಂಡಿತು.

ಗಡ್ಡೆಯ ವಸತಿಗೃಹಗಳನ್ನು ತೆರವುಗೊಳಿಸಬೇಕೆಂದು ಪ್ರಾಧಿಕಾರವು ಆಜ್ಞೆ ಮಾಡಿದಾಗ ಮಾಲೀಕರು ನ್ಯಾಯಾಲಯದ ಮೊರೆಹೊಕ್ಕರು. 2015ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ 2020ರ ಫೆಬ್ರವರಿ 11ರಂದು ಸರ್ವೋಚ್ಚ ನ್ಯಾಯಾಲಯವೂ ಪ್ರಾಧಿಕಾರದ ಪರವಾಗಿ ತೀರ್ಪು ಕೊಟ್ಟುವು. ಮಾರ್ಚಿ 3ರಂದು ಯಂತ್ರಗಳು ಬಂದು ಕಟ್ಟಡಗಳನ್ನು ನೆಲಸಮ ಮಾಡಿದುವು. ಅದಾಗಿ ಮೂರು ವಾರಗಳು ಕಳೆಯುವಷ್ಟರಲ್ಲಿ ಕೊರೋನಾ ಸೋಂಕಿನ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ತೀರ್ಪು ಬಾರದೆ ಇದ್ದಿದ್ದರೂ ಆ ವರ್ಷ ಗಡ್ಡೆಗೆ ಅತಿಥಿಗಳು ಬರುತ್ತಿರಲಿಲ್ಲ. ಕಾನೂನು ಮುಚ್ಚಿದ ಬಾಗಿಲನ್ನು ರೋಗವೂ ಮುಚ್ಚುತ್ತಿತ್ತು. ಒಂದೇ ಕಂಬದ ಮೇಲೆ ನಿಂತ ಮಾಳಿಗೆ ಯಾವ ದಿಕ್ಕಿನ ಗಾಳಿಗಾದರೂ ಉರುಳುತ್ತದೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಎರಡನೆಯ ಸಲ ನಾನು ಬುಕ್ಕಸಾಗರ, ಕಡೇಬಾಗಿಲುಗಳ ನಡುವಿನ ಸೇತುವೆಯನ್ನು ದಾಟಿ, ಆನೆಗೊಂದಿಯ ಮೂಲಕ ರಸ್ತೆಯ ದಾರಿಯಲ್ಲಿ ಹೋದೆನು. ಗಡ್ಡೆಯು ನಿಶ್ಶಬ್ದವಾಗಿತ್ತು. ಹಿಂದೆ ಅತಿಥಿಗೃಹಗಳಿದ್ದೆಡೆಯಲ್ಲಿ ಹುಲ್ಲು ಬೆಳೆದಿತ್ತು; ನಡುವೆ ಅಲ್ಲಲ್ಲಿ ಒಡೆದ ತಳಹದಿಯ ತುಂಡುಗಳು ಕಾಣುತ್ತಿದ್ದುವು. ಬತ್ತದ ಗದ್ದೆಗಳು ಮಾತ್ರ ಮೊದಲಿನಂತೆಯೇ ಹಸುರಾಗಿದ್ದುವು. ಸಂಜೆಯ ಬಂಡೆಗಳು ಮೊದಲಿನಂತೆಯೇ ಹೊನ್ನಾದುವು. ಅತಿಥಿಗಳಿಲ್ಲದ ಆ ನೀರವದಲ್ಲಿ ನಿಸರ್ಗವು ಇನ್ನಷ್ಟು ಸುಂದರವಾಗಿ ಕಂಡಿತೆಂಬುದು ನಿಜ. ಆದರೆ ಆ ಸೌಂದರ್ಯದ ಹಿಂದೆ ಕೆಲಸ ಕಳೆದುಕೊಂಡವರ ನೆನಪೂ ಇದ್ದುದರಿಂದ ಅದನ್ನು ನಿರಾಳವಾಗಿ ಸವಿಯಲು ಮನಸ್ಸು ಒಪ್ಪಲಿಲ್ಲ.

ಗದ್ದೆಯ ಬದುವಿನ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರನ್ನು ನಾನು ಮಾತನಾಡಿಸಿದೆನು.

"ಯಜಮಾನರೇ, ಜನ ಬರುತ್ತಿದ್ದ ಕಾಲ ಒಳ್ಳೆಯದೋ, ಈಗಿನ ಕಾಲ ಒಳ್ಳೆಯದೋ?" ಎಂದು ಕೇಳಿದಾಗ ಅವರು ಒಂದು ಕ್ಷಣ ನೀರನ್ನು ನೋಡುತ್ತ ಸುಮ್ಮನಿದ್ದರು.

"ಎರಡೂ ಹೌದ್ರಿ, ಎರಡೂ ಅಲ್ರಿ. ಆಗ ರೊಕ್ಕ ಇತ್ತು, ನಿದ್ದಿ ಇರಲಿಲ್ಲ. ಈಗ ನಿದ್ದಿ ಐತಿ, ರೊಕ್ಕ ಇಲ್ಲ. ಹೊಲ ಉಳಿಸಿಕೊಂಡೋರು ಹೆಂಗೋ ಬದುಕಿದ್ರು. ಬರೋ ಮಂದಿನ್ನಷ್ಟ ನಂಬಿದೋರು ಊರು ಬಿಟ್ಟು ಹೋದ್ರು ನೋಡ್ರಿ" ಎಂದರು.

ಅರ್ಥಶಾಸ್ತ್ರದ ಗ್ರಂಥಗಳು ಹಲವು ಪುಟಗಳಲ್ಲಿ ವಿವರಿಸುವ ವಿಷಯವನ್ನು ಆ ಹಿರಿಯರು ನಾಲ್ಕು ಮಾತುಗಳಲ್ಲಿ ಹೇಳಿದ್ದರು.

ಊರು ಬಿಟ್ಟವರಲ್ಲಿ ಕೆಲವರು ದೂರ ಹೋಗಲಿಲ್ಲ. ಗಡ್ಡೆಯಲ್ಲಿ ಮುಚ್ಚಿದ ವ್ಯಾಪಾರವು ಸಮೀಪದ ಸಾಣಾಪುರದ ಕಡೆಗೆ ಸರಿಯಿತು. ಅಲ್ಲಿಯೂ ಕೆರೆಯಿದೆ, ಬಂಡೆಗಳಿವೆ, ಹೊಲಗಳಿವೆ. ಕಟ್ಟಡಗಳನ್ನು ಕೆಡವುವುದರಿಂದ ಪ್ರಶ್ನೆ ಮುಗಿಯುವುದಿಲ್ಲ. ಅದು ಪಕ್ಕದ ಊರಿಗೆ ನಡೆದುಹೋಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಪ್ರವಾಸಿಗೆ ತಂಗಲು ಒಂದು ಜಾಗ ಬೇಕು, ಹಳ್ಳಿಗನಿಗೆ ಒಂದು ವೃತ್ತಿ ಬೇಕು, ಸ್ಮಾರಕಕ್ಕೆ ರಕ್ಷಣೆ ಬೇಕು. ಈ ಮೂರನ್ನೂ ಹೊಂದಿಸುವ ಯೋಜನೆ ಮೊದಲೇ ಸಿದ್ಧವಾಗಿದ್ದರೆ, ಒಂದು ದಿನದಲ್ಲಿ ಹಲವು ಸಂಸಾರಗಳು ಬೀದಿಗೆ ಬೀಳುವ ಸ್ಥಿತಿ ಒದಗುತ್ತಿರಲಿಲ್ಲ.

ಇಂತಹ ಸಂಕಟ ತುಂಗಭದ್ರೆಯ ಗಡ್ಡೆಗೆ ಮಾತ್ರ ಬಂದುದಲ್ಲ. ಫಿಲಿಪೀನ್ಸ್ ದೇಶದಲ್ಲಿ ಬೊರಾಕಾಯ್ ಎಂಬ ದ್ವೀಪವಿದೆ. ಅದರ ವಿಸ್ತೀರ್ಣ ಸುಮಾರು 10 ಚದರ ಕಿಲೋಮೀಟರ್ ಮಾತ್ರ. 2017ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗಳ ಸಂಖ್ಯೆ 20 ಲಕ್ಷವನ್ನು ಮೀರಿತು. ಹೋಟಲುಗಳ ಕೊಳಚೆ ಸಮುದ್ರಕ್ಕೆ ಸೇರಿ ನೀರು ಕೆಟ್ಟಾಗ, ಅಲ್ಲಿಯ ಸರ್ಕಾರವು 2018ರ ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಆರು ತಿಂಗಳು ಇಡೀ ದ್ವೀಪವನ್ನೇ ಪ್ರವಾಸಿಗಳಿಗೆ ಮುಚ್ಚಬೇಕಾಯಿತು. ಇಟಲಿಯ ವೆನಿಸ್ ನಗರವು ನೂರಾರು ಕಾಲುವೆಗಳ ನಡುವಿನ ದ್ವೀಪಗಳ ಮೇಲೆ ನಿಂತಿದೆ. 1951ರಲ್ಲಿ ಅದರ ಹಳೆಯ ಭಾಗದಲ್ಲಿ ಸುಮಾರು 1,75,000 ಮಂದಿ ವಾಸವಾಗಿದ್ದರು. ಇಂದು 50,000 ಮಂದಿಯೂ ಇಲ್ಲ. ಮನೆಗಳೆಲ್ಲ ಅತಿಥಿಗೃಹಗಳಾಗುತ್ತ ಬಂದಂತೆ ಊರಿನವರು ಊರು ಬಿಟ್ಟರು. 2024ರ ಏಪ್ರಿಲ್‌ನಿಂದ ಆ ನಗರವು, ಜನಸಂದಣಿ ಹೆಚ್ಚಿರುವ ದಿನಗಳಲ್ಲಿ ಬಂದು ಅಂದೇ ಮರಳುವ ಪ್ರವಾಸಿಗಳಿಂದ ಪ್ರವೇಶಶುಲ್ಕವನ್ನು ಪಡೆಯಲು ಆರಂಭಿಸಿತು. ಅತಿಥಿ ಬಾರದಿದ್ದರೆ ಬಡತನ, ಅತಿಥಿ ಮಿತಿಮೀರಿ ಬಂದರೆ ಊರಿಗೇ ಕುತ್ತು. ಸುಂದರವಾದ ಊರುಗಳ ಕಷ್ಟವೆಂದರೆ ಇದೇ.

ಹಾಗಾದರೆ ಇದಕ್ಕೆ ದಾರಿಯೇ ಇಲ್ಲವೆ? ತುಂಗಭದ್ರೆಯ ತೀರದಲ್ಲಿಯೇ ಅದರ ಕೆಲವು ಕುರುಹುಗಳು ದೊರೆಯುತ್ತವೆ. ವ್ಯಾಸರಾಯರೂ ಸೇರಿದಂತೆ ಒಂಬತ್ತು ಮಂದಿ ಮಾಧ್ವ ಯತಿಗಳ ವೃಂದಾವನಗಳಿರುವ ನವವೃಂದಾವನ ಗಡ್ಡೆಯು ಆನೆಗೊಂದಿಯಿಂದ ದೂರದಲ್ಲೇನೂ ಇಲ್ಲ. ಯಾತ್ರಿಕರು ದೋಣಿಯಲ್ಲಿ ಹೋಗಿ, ಪೂಜೆ ಸಲ್ಲಿಸಿ, ದಡಕ್ಕೆ ಮರಳುತ್ತಾರೆ. ಗಡ್ಡೆಯು ಯಾರ ವ್ಯಾಪಾರದ ಸ್ಥಳವೂ ಆಗದೆ ಉಳಿದಿದೆ. ಊಟ, ವಸತಿಗಳೆಲ್ಲ ದಡದ ಊರಿನಲ್ಲಿ ನಡೆಯುತ್ತವೆ. ಆನೆಗೊಂದಿಯಲ್ಲಿಯೇ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆಯು ಗ್ರಾಮದ ಮಹಿಳೆಯರಿಗೆ ಬಾಳೆಯ ನಾರಿನಿಂದ ಚೀಲ, ಬುಟ್ಟಿ ಮೊದಲಾದುವನ್ನು ಹೆಣೆಯುವ ಕಸುಬನ್ನು ಕಲಿಸಿದೆ. ಫಸಲು ಕೊಯ್ದ ಮೇಲೆ ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಬಾಳೆಯ ದಿಂಡು ಇದರಿಂದ ಬೆಲೆಯುಳ್ಳ ವಸ್ತುವಾಯಿತು. ಪ್ರವಾಸಿ ಬಂದರೆ ಆ ಚೀಲವನ್ನು ಕೊಳ್ಳುತ್ತಾನೆ; ಬಾರದಿದ್ದರೆ ಅದನ್ನು ದೂರದ ನಗರಕ್ಕೆ ಕಳುಹಿಸಿ ಮಾರಬಹುದು. ಬೇಸಾಯ ಕೈಬಿಡದೆ, ಕಸುಬು ಜೊತೆಗೂಡಿ, ಅತಿಥಿಯಿಂದ ಬರುವ ಹಣವು ಮೂರನೆಯ ಆಸರೆಯಾದರೆ ಮನೆಗೆ ಮೂರು ಕಂಬಗಳಾಗುತ್ತವೆ.

ಬಾಪೂಜಿ ನಗರದಂತಹ ಬಡಾವಣೆಯಲ್ಲಿ ನೋಡಲು ವಿಶೇಷವಾದುದು ಏನೂ ಇಲ್ಲವೆಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿಯ ಒಂದು ಬೀದಿಯಲ್ಲಿ ದರ್ಜಿಯಿದ್ದಾನೆ, ಗಾಡಿ ರಿಪೇರಿ ಮಾಡುವವನಿದ್ದಾನೆ, ಹಿಟ್ಟಿನ ಗಿರಣಿಯಿದೆ, ಕಾರ್ಖಾನೆಗೆ ಹೋಗುವ ಕೆಲಸಗಾರರಿದ್ದಾರೆ. ಒಂದು ಅಂಗಡಿ ಮುಚ್ಚಿದರೆ ಬೀದಿಯೇ ಮುಚ್ಚುವುದಿಲ್ಲ. ಆ ಬಲ ಗಡ್ಡೆಗೆ ಇರಲಿಲ್ಲ. ಗಡ್ಡೆಗೆ ಇದ್ದ ನಿರ್ಮಲವಾದ ನದಿ ನಮಗೆ ಇಲ್ಲ. ಒಂದು ಊರಿಗೆ ಎರಡೂ ಬೇಕು ಎಂಬುದನ್ನು ಈ ಎರಡು ಸ್ಥಳಗಳನ್ನು ಹೋಲಿಸಿದಾಗ ಮನಗಾಣುತ್ತೇವೆ.

ಪ್ರವಾಸಿಯ ಮೇಲೆಯೂ ಒಂದು ಹೊಣೆಯಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟಿತು. ನಾವು ವಿರಾಮಕ್ಕೆಂದು ಹೋಗುವ ಆ ನೀರು ಆ ಪ್ರಾಣಿಗಳಿಗೆ ಮನೆ. ನಾವು ಚಿತ್ರ ತೆಗೆಯುವ ಹೊಲ ಒಬ್ಬ ರೈತನ ವರ್ಷದ ದುಡಿಮೆ. ನಾವು ಒರಗಿ ಕುಳಿತುಕೊಳ್ಳುವ ಕಂಬ ಒಬ್ಬ ಶಿಲ್ಪಿಯ ಕೈಕೆಲಸ. ಇದನ್ನು ನೆನಪಿನಲ್ಲಿಟ್ಟುಕೊಂಡು, ಪ್ಲಾಸ್ಟಿಕ್ಕನ್ನು ಎಸೆಯದೆ, ಗದ್ದಲವೆಬ್ಬಿಸದೆ, ಸ್ಥಳೀಯರು ಬೆಳೆದುದನ್ನು ಉಂಡು, ಅವರು ಮಾಡಿದುದನ್ನು ಕೊಂಡು ಬರುವವನೇ ನಿಜವಾದ ಅತಿಥಿ. ಉಳಿದವನು ಕೇವಲ ಗಿರಾಕಿ.

ವಿರುಪಾಪುರ ಗಡ್ಡೆಯ ಬಗೆಗೆ ಒಂದೇ ಮಾತಿನಲ್ಲಿ ಅಭಿಪ್ರಾಯ ಹೇಳಲು ಸಾಧ್ಯವಿಲ್ಲ. ಅದರ ಚೆಲುವಿಗೆ ಮನಸೋಲದವರಿಲ್ಲ. ಆ ಚೆಲುವನ್ನು ಮಾರಾಟಕ್ಕಿಟ್ಟ ರೀತಿಯನ್ನು ಒಪ್ಪುವಂತಿಲ್ಲ. ಹಾಗೆ ಮಾರಿ ಬದುಕಿದವರ ಕಷ್ಟವನ್ನು ಕಂಡು ಮರುಗದಿರುವಂತೆಯೂ ಇಲ್ಲ. ಕಾನೂನು ತನ್ನ ಕರ್ತವ್ಯವನ್ನು ಮಾಡಿತು. ಕಾನೂನು ಮಾಡಲಾರದ ಕೆಲಸವೊಂದು ಉಳಿದಿದೆ. ಊರಿನ ಚೆಲುವು ಊರಿನವರ ಬಾಳಿಗೆ ಏಕಮಾತ್ರ ಆಧಾರವಾಗದಂತೆ, ಆದರೆ ಅವರಿಗೆ ಅದರಿಂದ ನ್ಯಾಯವಾದ ಪಾಲು ತಪ್ಪದಂತೆ ನೋಡಿಕೊಳ್ಳುವುದೇ ಆ ಕೆಲಸ. ಅದನ್ನು ಸರ್ಕಾರ, ಗ್ರಾಮಸ್ಥರು, ಪ್ರವಾಸಿಗಳು ಮೂವರೂ ಕೂಡಿ ಮಾಡಬೇಕಾಗಿದೆ. ಸಾಮ್ರಾಜ್ಯವೊಂದು ಏಳುವುದನ್ನೂ ಬೀಳುವುದನ್ನೂ ನೋಡಿದ ತುಂಗಭದ್ರೆ ಇನ್ನೂ ಹರಿಯುತ್ತಿದ್ದಾಳೆ. ಅವಳ ದಡದ ಜನರು ಅವಳ ನೀರಿನಿಂದ ಬೆಳೆ ಬೆಳೆದು, ಅವಳನ್ನು ನೋಡಲು ಬಂದವರನ್ನು ಮರ್ಯಾದೆಯಿಂದ ಕಂಡು ಬಾಳುವಂತಾದರೆ, ಗಡ್ಡೆಯ ಚೆಲುವು ಮುಂದಿನ ಪೀಳಿಗೆಗೂ ಉಳಿದೀತು.